ಪೆಟ್ರೋಲ್ ಮುಳ್ಳು

ನಮ್ಮಪ್ಪನಿಗೆ ಮರೆವು ಶುರುವಾಗಿದೆ ಎಂದು ಊರಿಗೆಲ್ಲ ಸಾರಿದ್ದು ಅವನದೇ ಅಂಬಾಸಿಡರ್ ಕಾರು. ಮೊದಲು ನನ್ನ ತಮ್ಮ ಅಮರನಾಥ್ ಅದನ್ನು ನಂಬಿದ, ಆಮೇಲೆ ಬೀದಿಯವರು ನಂಬಿದರು, ಕೊನೆಗೆ ಅಪ್ಪನೇ ನಂಬಿಬಿಟ್ಟ. ನಾನೊಬ್ಬಳೇ ನಂಬಲಿಲ್ಲ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ, ನನಗೂ ಒಳಗೊಳಗೆ ಅಳುಕಿತ್ತು. ಆದರೆ ನಾನು ಬ್ಲೌಸ್ ಹೊಲಿಯುವವಳು. ಟೇಪು ಹಿಡಿದು ನೋಡದೆ, ಬರೀ ಬಾಯಿಮಾತಿನ ಮೇಲೆ ಯಾರ ಅಳತೆಯನ್ನೂ ಬರೆದುಕೊಂಡವಳಲ್ಲ.

ಅಪ್ಪ, ಅಂದರೆ ರಾಮಚಂದ್ರಪ್ಪ, ಮುಳಬಾಗಿಲಿನಲ್ಲಿ ಟ್ಯಾಕ್ಸಿ ಓಡಿಸಿ ನಮ್ಮಿಬ್ಬರನ್ನು ಸಾಕಿದವನು. ಅವನ ಜೊತೆಯವರೆಲ್ಲ ಹಳೇ ಗಾಡಿ ಮಾರಿ ಹೊಸದು ತಗೊಂಡರು, ಅಪ್ಪ ಮಾರಲಿಲ್ಲ. ಈಗ ಆ ಬಿಳಿ ಅಂಬಾಸಿಡರಿಗೆ ಮತ್ತೆ ಕಾಲ ಬಂದಿದೆ. ಮದುವೆಯಲ್ಲಿ ಗಂಡುಹೆಣ್ಣು ಕೂತು ಫೋಟೋ ತೆಗೆಸಿಕೊಳ್ಳಲು ಅದೇ ಬೇಕು. ಹಳೇ ಗಿರಾಕಿಗಳು ದೇವರ ದರ್ಶನಕ್ಕೆ ಆವನಿಗೋ ಕುರುಡುಮಲೆಗೋ ಹೊರಟರೆ ರಾಮಣ್ಣನ ಕಾರೇ ಬರಲಿ ಅನ್ನುತ್ತಾರೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಆದರೆ ಕಣ್ಣು ಚೆನ್ನಾಗಿದೆ, ಕೈ ನಡುಗುವುದಿಲ್ಲ. ಮನೆಯ ಕುರ್ಚಿಯಲ್ಲಿ ಬಾಗಿ ಕೂರುವ ಬೆನ್ನು ಸ್ಟೇರಿಂಗ್ ಹಿಡಿದ ಕೂಡಲೇ ನೆಟ್ಟಗಾಗುತ್ತದೆ.

ಮೊದಲನೇ ಸಲ ಶ್ರೀನಿವಾಸಪುರದ ರಸ್ತೆಯಲ್ಲಿ, ಮಾವಿನ ವ್ಯಾಪಾರಿಯೊಬ್ಬರನ್ನು ಕೂರಿಸಿಕೊಂಡು ಹೋಗುವಾಗ ಪೆಟ್ರೋಲ್ ಮುಗಿದು ಕಾರು ನಿಂತಿತು. ಯಾರಿಗಾದರೂ ಆಗುವಂಥದ್ದು ಎಂದು ನಕ್ಕು ಸುಮ್ಮನಾದೆವು. ಎರಡನೇ ಸಲ ತಾಯಲೂರಿನ ರಸ್ತೆಯಲ್ಲಿ, ಒಳಗೆ ಮದುಮಗಳು. ಮುಹೂರ್ತ ಮೀರುತ್ತದೆಂದು ಹುಡುಗಿಯ ಸೋದರಮಾವ ಅವಳನ್ನು ಟ್ರ್ಯಾಕ್ಟರ್ ಹತ್ತಿಸಿಕೊಂಡು ಹೋದ. ರೇಷ್ಮೆ ಸೀರೆಯ ಹುಡುಗಿ ಟ್ರ್ಯಾಕ್ಟರಿನಲ್ಲಿ ಕುಲುಕುತ್ತಾ ಹೋಗುವ ವಿಡಿಯೋವನ್ನು ಇಡೀ ತಾಲೂಕು ನೋಡಿತು. ಮೂರನೇ ಸಲ ಆವನಿಯ ರಸ್ತೆಯಲ್ಲಿ. ಅವತ್ತು ಪುಣ್ಯಕ್ಕೆ ಕಾರು ಖಾಲಿ ಇತ್ತು, ಪಕ್ಕದ ಗೂಡಂಗಡಿಯವನು ಒಂದು ಕ್ಯಾನಿನಲ್ಲಿ ಪೆಟ್ರೋಲ್ ಕೊಟ್ಟು ಕಳಿಸಿದ.

ಮೂರು ಸಲವೂ ಅಪ್ಪ ಹೇಳಿದ್ದು ಒಂದೇ ಮಾತು. "ಮುಳ್ಳು ಅರ್ಧ ಟ್ಯಾಂಕ್ ತೋರಿಸ್ತಿತ್ತು ಕಣಮ್ಮಾ. ನಾನೇ ನೋಡ್ದೆ."

ಇದು ಸಾಲದೆಂಬಂತೆ, ಇಂಜಿನ್ ಬಿಸಿಯಾಗುತ್ತಿದೆ ಎಂದು ದಾರಿ ಮಧ್ಯೆ ನಿಲ್ಲಿಸಿ, ಬಾನೆಟ್ ಎತ್ತಿ, ನೀರು ತುಂಬಿಯೇ ಇದ್ದ ರೇಡಿಯೇಟರಿಗೆ ಮತ್ತೆ ನೀರು ಹೊಯ್ಯಲು ನೋಡುತ್ತಿದ್ದ. ಬಿಸಿ ತೋರಿಸುವ ಮುಳ್ಳು ಮೇಲೇರಿತ್ತು ಎನ್ನುತ್ತಿದ್ದ. ಇಂಜಿನ್ ನೋಡಿದರೆ ಏನೂ ಆಗಿರುತ್ತಿರಲಿಲ್ಲ.

ಅಮರನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಅಪ್ಪ ಇರುವುದು ಅವನ ಮನೆಯಲ್ಲೇ. ಕೆಟ್ಟವನಲ್ಲ, ಆದರೆ ಗಾಬರಿ ಬಿದ್ದರೆ ಅವನ ಬಾಯಿ ಮುಂದೆ ಓಡುತ್ತದೆ. ಅವನು ಕಾರನ್ನು ಅತೀಕನ ಗ್ಯಾರೇಜಿಗೆ ಬಿಟ್ಟ. ಅತೀಕ್ ನಮ್ಮಪ್ಪನ ಹಳೇ ಸ್ನೇಹಿತ ರಹಮತ್ತುಲ್ಲಾ ಮಾಮನ ಮಗ. ಮಾಮನ ಕಾಲದಿಂದಲೂ ಈ ಕಾರಿನ ವೈರಿಂಗ್ ಕೆಲಸ ಅವರ ಮನೆಯದೇ. ಅತೀಕ್ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿದ, ಅಳೆದು ಅಳೆದು ಮತ್ತೆ ಹಾಕಿದ. ಟ್ಯಾಂಕಿನೊಳಗೆ ತೇಲುವ ಫ್ಲೋಟನ್ನು ತೆಗೆದು ಕೈಯಲ್ಲಿ ಆಡಿಸಿ ನೋಡಿದ. ಎಷ್ಟು ಹಾಕಿದರೆ ಅಷ್ಟೇ ತೋರಿಸಿತು ಮುಳ್ಳು.

"ಮೀಟರ್ ಪಕ್ಕಾ ಇದೆ ಅಣ್ಣಾ," ಎಂದ ಅಮರನಿಗೆ.

ಅಮರನೇ ಒಂದು ವಾರ ಓಡಿಸಿ ನೋಡಿದ. ಆಗಲೂ ಮುಳ್ಳು ಎಲ್ಲೂ ಸುಳ್ಳು ಹೇಳಲಿಲ್ಲ. ಕಾರು ಸರಿ ಇದೆ ಎಂದ ಮೇಲೆ ಸರಿ ಇಲ್ಲದಿರುವುದು ಯಾವುದು ಎಂದು ಬಾಯಿಬಿಟ್ಟು ಹೇಳುವುದೇ ಬೇಕಿರಲಿಲ್ಲ. ಒಂದು ಸಂಜೆ ಅಮರ ಅಪ್ಪನ ಮುಂದೆ ಕೈ ಚಾಚಿ "ಕೀ ಕೊಡಪ್ಪ" ಎಂದ. ಅಪ್ಪ ಜಗಳಾಡುತ್ತಾನೆ ಎಂದುಕೊಂಡಿದ್ದೆ. ಅವನು ಜೇಬಿನಿಂದ ಕೀ ತೆಗೆದು ಅಮರನ ಅಂಗೈ ಮೇಲಿಟ್ಟು ಒಳಗೆ ಹೋಗಿ ಮಲಗಿಕೊಂಡ.

ಅಲ್ಲಿಂದ ಅಪ್ಪ ಬೇರೆಯೇ ಮನುಷ್ಯನಾದ. ಬೆಳಿಗ್ಗೆ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ನಾನು ಮೆಷಿನ್ ತುಳಿಯುತ್ತಿದ್ದರೆ ಮಧ್ಯೆ ಮಧ್ಯೆ ಕೇಳುತ್ತಿದ್ದ, "ನಾನು ಮಾತ್ರೆ ನುಂಗಿದ್ನೇನಮ್ಮಾ?" "ಬರುವಾಗ ಗೇಟ್ ಹಾಕ್ಕೊಂಡ್ ಬಂದ್ನಾ?" ಮಾತ್ರೆ ನುಂಗಿಯೇ ಇರುತ್ತಿದ್ದ, ಗೇಟೂ ಹಾಕಿರುತ್ತಿದ್ದ. ಯಾವ ಊರಿನ ಯಾವ ತಿರುವಿನಲ್ಲಿ ಯಾರ ಮನೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದ ಮನುಷ್ಯ ತನ್ನ ಕೈಯನ್ನೇ ತಾನು ನಂಬುತ್ತಿರಲಿಲ್ಲ.

ಒಂದು ದಿನ ಅವನೇ ಹೇಳಿದ. "ಮುಳ್ಳು ಅರ್ಧ ತೋರಿಸ್ತಿತ್ತು ಅಂತ ನಂಗೆ ಚೆನ್ನಾಗಿ ಜ್ಞಾಪಕ ಇತ್ತಮ್ಮಾ. ಈಗ ನೋಡಿದ್ನೋ, ನೋಡ್ದೆ ಅಂತ ಅಂದ್ಕೊಂಡ್ನೋ, ಅದೇ ತಿಳೀತಿಲ್ಲ. ಪರ್ವಾಲೇದು ಬಿಡು."

ಪರ್ವಾಲೇದಂತೆ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಮರ ಮಾಲೂರಿನ ಒಬ್ಬರಿಗೆ ಕಾರು ಮಾರುವ ಮಾತಾಡಿದ್ದ. ಹಳೇ ಕಾರುಗಳನ್ನು ಕೊಂಡು ತೊಳೆದು ಒರೆಸಿ ಇಟ್ಟುಕೊಳ್ಳುವ ಶೋಕಿಯವರು. ಭಾನುವಾರ ಬಂದು ತಗೊಂಡು ಹೋಗುವುದೆಂದು ಗೊತ್ತಾಗಿತ್ತು. ನಾನು ಶುಕ್ರವಾರ ಅವನ ಅಂಗಡಿಗೇ ಹೋದೆ.

"ಭಾನುವಾರದವರೆಗೂ ಕೀ ನಂಗೆ ಕೊಡು," ಎಂದೆ.

"ಏನ್ ಮಾಡ್ತೀಯಕ್ಕ? ಅತೀಕ್ ನೋಡಿಲ್ವಾ? ನಾನು ನೋಡಿಲ್ವಾ?"

"ನಾನು ನೋಡಿಲ್ಲ."

"ನಿಂಗೆ ಸ್ಕೂಟಿ ಬಿಟ್ರೆ ಇನ್ನೇನು ಬರುತ್ತೆ?"

"ನಿಂಗೆ ಮೊಳೆ ತೂಕ ಹಾಕೋದು ಬಿಟ್ರೆ ಇನ್ನೇನು ಬರುತ್ತೋ? ಕೊಡು."

ಅವನ ಕಣ್ಣು ತುಂಬಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. "ಹೈವೇ ಮಧ್ಯದಲ್ಲಿ ನಿಂತೋಗಿ ಹಿಂದಿಂದ ಲಾರಿ ಬಂದು ಗುದ್ದಿದ್ರೆ ಏನ್ ಮಾಡ್ತೀಯಕ್ಕ? ನಂಗೆ ರಾತ್ರಿ ಅದೇ ಯೋಚನೆ," ಎಂದು ಗಲ್ಲಾಪೆಟ್ಟಿಗೆಯಿಂದ ಕೀ ತೆಗೆದು ಕೊಟ್ಟ. ನಾನು ಕೀ ತಗೊಂಡು ಬಂದೆ. ಇವನೂ ಹೆದರಿಯೇ ಇದೆಲ್ಲ ಮಾಡಿದ್ದಾನೆ ಎಂದು ಅವತ್ತು ತಿಳಿಯಿತು.

ಶನಿವಾರ ಬೆಳಿಗ್ಗೆ ಅತೀಕನೇ ಬಂದು ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋದ. ಹೊರಡುವ ಮುಂಚೆ ಅಪ್ಪ ಎಂದಿನಂತೆ ಡ್ಯಾಶ್‌ಬೋರ್ಡಿನ ಮೇಲಿದ್ದ ಬೆರಳುದ್ದದ ಹಿತ್ತಾಳೆ ಆಂಜನೇಯನನ್ನು ಬಿಚ್ಚಿ, ಟವಲಿನಲ್ಲಿ ಸುತ್ತಿ, ದೇವರ ಗೂಡಿನಲ್ಲಿಟ್ಟ. ಗ್ರೀಸು, ಚಪ್ಪಲಿ ಕಾಲು, ಬೈಗುಳ ಇರುವ ಕಡೆ ದೇವರನ್ನು ಕೂರಿಸಬಾರದೆಂಬುದು ಅವನ ಪದ್ಧತಿ. ಬೇರೆಯವರು ಓಡಿಸುವುದಾದರೂ ಅಷ್ಟೇ, ಮೊದಲು ಆಂಜನೇಯ ಇಳಿದು ಮನೆಗೆ ಬರಬೇಕು.

ಗ್ಯಾರೇಜಿನಲ್ಲಿ ರಹಮತ್ತುಲ್ಲಾ ಮಾಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಂಡಿ ನೋವಿನಿಂದ ಈಗ ಕಾರಿನ ಕೆಳಗೆ ನುಗ್ಗುವುದಿಲ್ಲ, ಆದರೆ ಕೂತಲ್ಲಿಂದಲೇ ಎಲ್ಲರಿಗೂ ಬುದ್ಧಿ ಹೇಳುತ್ತಾರೆ. ಅತೀಕ್ ಟ್ಯಾಂಕ್ ಖಾಲಿ ಮಾಡಿ ಎರಡೇ ಲೀಟರ್ ಹಾಕಿದ. ಮುಳ್ಳು ತಳದಲ್ಲೇ ಮಲಗಿತ್ತು. ಮೀಟರ್ ಬೋರ್ಡನ್ನು ಸಡಿಲಿಸಿ ನನಗೆ ಹಿಂದಿನ ವೈರುಗಳನ್ನು ತೋರಿಸಿದ. ಬಟ್ಟೆ ಸುತ್ತಿದ ಹಳೇ ವೈರುಗಳು ಬಣ್ಣ ಕಳೆದುಕೊಂಡು, ಎಲ್ಲವೂ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಬಾಬಿನ್ ದಾರ ಸಿಕ್ಕಾದಾಗ ನನ್ನ ಮೆಷಿನ್ ಒಳಗೂ ಹೀಗೇ ಕಾಣುತ್ತದೆ.

ಅವನು ಒಂದೊಂದೇ ವೈರನ್ನು ಹಿಡಿದು ಅಲುಗಿಸಿದ. ಹೆಡ್‌ಲೈಟ್ ಹಾಕಿದ, ಹಾರ್ನ್ ಹೊಡೆದ, ವೈಪರ್ ಓಡಿಸಿದ. ಮೀಟರ್ ಬೋರ್ಡಿನ ಸ್ವಂತ ಬಲ್ಬುಗಳು ಎಂದೋ ಸುಟ್ಟುಹೋಗಿದ್ದವು. ಅಪ್ಪ ಹೊಸದು ಹಾಕಿಸಿರಲಿಲ್ಲ, ಆಂಜನೇಯನ ತಲೆಯ ಮೇಲಿನ ಕೆಂಪು ದೀಪದ ಬೆಳಕೇ ಅವನಿಗೆ ಸಾಕಾಗಿತ್ತು. ಏನು ಮಾಡಿದರೂ ಮುಳ್ಳು ಕದಲಲಿಲ್ಲ.

"ಅಕ್ಕ, ನಾನು ಸುಳ್ಳು ಹೇಳಿ ಏನ್ ಮಾಡ್ಲಿ," ಎಂದ ಅತೀಕ್, ಕೈ ಒರೆಸಿಕೊಳ್ಳುತ್ತಾ. "ಮೀಟರಲ್ಲಿ ತೊಂದ್ರೆ ಇಲ್ಲ."

ನಾನು ಅಲ್ಲೇ ಹಳೇ ಟೈರಿನ ಮೇಲೆ ಕೂತುಬಿಟ್ಟೆ. ಹಾಗಾದರೆ ತೊಂದರೆ ಅಪ್ಪನ ತಲೆಯೊಳಗೇ ಇದೆ, ಮುಗಿಯಿತು ಎನ್ನಿಸಿತು. ಅಳು ಬಂತು. ಗ್ಯಾರೇಜಿನಲ್ಲಿ ಅಳುವುದು ಬೇಡವೆಂದು ಬೇರೆ ಏನನ್ನಾದರೂ ಯೋಚಿಸಲು ನೋಡಿದೆ. ನೆನಪಾದದ್ದು ನಮ್ಮ ಗಿರಾಕಿ ಕದಿರಮ್ಮನ ಬ್ಲೌಸು.

ಕದಿರಮ್ಮ ತಾಯಲೂರಿನಿಂದ ಬರುತ್ತಾಳೆ, ತರಕಾರಿ ಬುಟ್ಟಿ ಹೊರುವ ಹೆಂಗಸು. ಹೋದ ವರ್ಷ ಅವಳಿಗೆ ಹೊಲಿದ ಬ್ಲೌಸು ಬಗಲಲ್ಲಿ ಹೊಲಿಗೆ ಬಿಟ್ಟಿತು. ಮೇಜಿನ ಮೇಲೆ ಹರಡಿ ಅಳೆದೆ, ಎಲ್ಲ ಸರಿ. ಎರಡನೇ ಸಲ ಬಿಟ್ಟಿತು, ಮತ್ತೆ ಅಳೆದೆ, ಮತ್ತೆ ಸರಿ. ಅವಳು ದಪ್ಪಗಾಗಿದ್ದಾಳೆ ಎಂದು ಅವಳ ಮೇಲೇ ಹಾಕಿದೆ, ಅವಳು ನನ್ನನ್ನು ಚೆನ್ನಾಗಿ ಬೈದಳು. ಕೊನೆಗೆ ಬ್ಲೌಸು ತೊಡಿಸಿ, ಬುಟ್ಟಿ ಹೊತ್ತುಕೋ ಎಂದೆ. ಅವಳು ಕೈಯೆತ್ತಿ ತಲೆಯ ಮೇಲೆ ಬುಟ್ಟಿ ಹಿಡಿದ ಕೂಡಲೇ ಎಲ್ಲಿ ಎಳೆಯುತ್ತಿದೆ ಎಂದು ಕಾಣಿಸಿತು. ಮೇಜಿನ ಮೇಲೆ ಬ್ಲೌಸಿಗೆ ಕೈಯೆತ್ತುವ ಕೆಲಸವೇ ಇರಲಿಲ್ಲ.

ನಾನು ಎದ್ದು ನಿಂತೆ. "ಅತೀಕ್, ಅಪ್ಪ ಓಡಿಸುವಾಗ ಮಾತ್ರ ಹಿಂಗಾಗುತ್ತೆ. ನೀನು ಓಡಿಸಿದ್ರೆ ಆಗಲ್ಲ, ಅಮರ ಓಡಿಸಿದ್ರೆ ಆಗಲ್ಲ. ಅಪ್ಪ ಹೆಂಗೆ ಗಾಡಿ ತೆಗೀತಾನೋ ಹಂಗೇ ತೆಗೀಲಿ. ನಾವು ಪಕ್ಕದಲ್ಲಿ ಕೂತು ನೋಡೋಣ."

ಸ್ಕೂಟಿಯಲ್ಲಿ ಮನೆಗೆ ಹೋದೆ. ಅಪ್ಪ ಬರುವುದಿಲ್ಲ ಎಂದ. "ನನ್ನಿಂದ ಇನ್ನೊಂದ್ ಸಲ ಅನ್ನಿಸ್ಕೊಳ್ಳೋಕಾಗಲ್ಲಮ್ಮಾ. ಮಾರಿಬಿಡ್ಲಿ ಬಿಡು."

"ಮಾರೋಣ. ಅದಕ್ಕೆ ಮುಂಚೆ ಒಂದು ಸಲ ಹತ್ತು."

"ಗ್ಯಾರೇಜಲ್ಲಿ ನಾನು ಗಾಡಿ ತೆಗೆಯೋದು ಹೆಂಗೆ? ಸ್ವಾಮಿ ಇಲ್ಲದೆ ನಾನು ಕೀ ತಿರುಗಿಸಲ್ಲ, ನಿಂಗೆ ಗೊತ್ತಲ್ಲ."

"ಸ್ವಾಮೀನೂ ಬರ್ಲಿ. ಗಾಡಿ ಹೊರಗೆ ಹುಣಸೆ ಮರದ ಕೆಳಗೆ ತಂದು ನಿಲ್ಲಿಸ್ತಾರೆ. ಅಲ್ಲಿ ಗ್ರೀಸೂ ಇಲ್ಲ, ಯಾರ ಬಾಯಲ್ಲಿ ಬೈಗುಳಾನೂ ಇಲ್ಲ. ನಾನು ನೋಡ್ಕೋತೀನಿ."

ಬೈಗುಳದ ಮಾತು ಬಂದಾಗ ನನ್ನನ್ನೇ ಒಂದು ಥರ ನೋಡಿದ, ಆದರೆ ಎದ್ದ.

ನಾವು ಬರುವ ಹೊತ್ತಿಗೆ ಅತೀಕ್ ಕಾರನ್ನು ಹೊರಗೆ ತಳ್ಳಿಸಿ, ಸೀಟುಗಳನ್ನು ಒರೆಸಿ, ಎದುರಿನ ಜಾಗಕ್ಕೆ ನೀರು ಚಿಮುಕಿಸಿದ್ದ. ಯಾರೂ ಹೇಳದೆಯೇ ತನ್ನ ಚಪ್ಪಲಿಯನ್ನೂ ಬಿಟ್ಟಿದ್ದ. ಅಪ್ಪ ನಲ್ಲಿಯಲ್ಲಿ ಕೈಕಾಲು ತೊಳೆದ. ಟವಲು ಬಿಚ್ಚಿ ಆಂಜನೇಯನನ್ನು ಅವನ ಜಾಗದಲ್ಲಿ ಕೂರಿಸಿದ. ಬಾಟಲಿಯ ತೀರ್ಥದಲ್ಲಿ ಬೆರಳು ಅದ್ದಿ ಚಿಮುಕಿಸಿದ. ಶನಿವಾರ ಅಲ್ಲವೇ, ಸ್ವಾಮಿಯ ದಿನ, ಒಂದು ಹನಿ ಹೆಚ್ಚೇ ಬಿತ್ತು. ದೀಪದ ವೈರನ್ನು ಸಿಕ್ಕಿಸಿ, ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ಕೈಮುಗಿದು, ಕೀ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು.

ಅತೀಕ್ ಪಕ್ಕದ ಸೀಟಿನಲ್ಲಿದ್ದ. ನಾನು ಹಿಂದಿನಿಂದ ಕತ್ತು ಚಾಚಿದ್ದೆ. ಅಪ್ಪ ಮಾತ್ರ ಮೀಟರ್ ಕಡೆ ನೋಡಲಿಲ್ಲ, ಎದುರಿನ ಮರವನ್ನೇ ನೋಡುತ್ತಾ ಕೂತಿದ್ದ. ನೋಡಲು ಹೆದರಿಕೆ ಎಂದು ನನಗೆ ಅರ್ಥವಾಯಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ತಳದಲ್ಲಿದ್ದ ಮುಳ್ಳು ಕದಲಿತೇ ಇಲ್ಲವೇ ಎಂದು ಅನುಮಾನವಾಯಿತು. ಅದು ನಿಧಾನವಾಗಿ, ಕಣ್ಣಿಗೆ ಕಂಡೂ ಕಾಣದ ಹಾಗೆ, ಮೇಲೇಳುತ್ತಿತ್ತು. ಕಾಲು ದಾಟಿತು. ಪಕ್ಕದ ಬಿಸಿಯ ಮುಳ್ಳೂ ಅದರ ಜೊತೆಯಲ್ಲೇ ಹೊರಟಿತ್ತು. ನಾನು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಎಷ್ಟು ತೋರಿಸ್ತಿದೆ?" ಎಂದು ಕೇಳಿದ ಅಪ್ಪ, ಮರದ ಕಡೆ ನೋಡುತ್ತಲೇ.

"ಅರ್ಧ, ಮಾಮ," ಎಂದ ಅತೀಕ್. "ಎರಡು ಲೀಟರ್ ಹಾಕಿದ್ದೀನಿ, ಅರ್ಧ ಟ್ಯಾಂಕ್ ಅಂತಿದೆ."

ಅಪ್ಪ ಆಗ ನೋಡಿದ. ಅವನ ತುಟಿ ಅದುರಿತು.

ಅತೀಕ್ ಸ್ವಾಮಿಗೆ ಒಂದು ಸಲ ತಲೆ ಬಾಗಿಸಿ, ದೀಪದ ಸ್ವಿಚ್ ಆರಿಸಿದ. ಎರಡೂ ಮುಳ್ಳುಗಳು ಬಂದ ದಾರಿಯಲ್ಲೇ ನಿಧಾನವಾಗಿ ಇಳಿದವು. ಮತ್ತೆ ಹಾಕಿದ, ಮತ್ತೆ ಏರಿದವು. ನಾನು ಹಿಂದಿನ ಸೀಟಿನಲ್ಲಿ ಕೂತು ಯಾವ ನಾಚಿಕೆಯೂ ಇಲ್ಲದೆ ಅತ್ತೆ. ತೊಂದರೆ ಅಪ್ಪನ ತಲೆಯೊಳಗೆ ಇರಲಿಲ್ಲ. ಅವನು ನೋಡಿದ್ದು ನಿಜ, ಹೇಳಿದ್ದು ನಿಜ. ಗ್ಯಾರೇಜಿಗೆ ಹೋಗುವಾಗಲೆಲ್ಲ ದೇವರ ಜೊತೆ ಆ ದೀಪವೂ ಟವಲಿನಲ್ಲಿ ಸುತ್ತಿಕೊಂಡು ಮನೆಗೆ ಹೋಗುತ್ತಿತ್ತು, ನಾವು ದೀಪವಿಲ್ಲದ ಕಾರನ್ನು ಪರೀಕ್ಷೆ ಮಾಡಿ ಅವನನ್ನು ಫೇಲ್ ಮಾಡುತ್ತಿದ್ದೆವು.

ರಹಮತ್ತುಲ್ಲಾ ಮಾಮ ಕುರ್ಚಿ ಬಿಟ್ಟು, ಮಂಡಿ ಹಿಡಿದುಕೊಂಡೇ ಬಂದರು. ಕಿಟಕಿಯಲ್ಲಿ ಬಗ್ಗಿ, ಆರಿ ಹತ್ತುವ ದೀಪವನ್ನೂ ಏರಿ ಇಳಿಯುವ ಮುಳ್ಳನ್ನೂ ನೋಡಿ, ಹಣೆ ತಟ್ಟಿಕೊಂಡರು.

"ಯಾ ಅಲ್ಲಾ. ರಾಮಣ್ಣ, ಈ ದೀಪ ಹಾಕಿದ್ದು ನಾನೇ ಅಲ್ವೇನಪ್ಪ. ನಿನ್ ಮಗಳ ಮದುವೆ ವರ್ಷ. ಡ್ಯಾಶ್‌ಬೋರ್ಡಿಗೆ ಹೊಸ ತೂತು ಹಾಕ್ಬೇಡ, ಗಾಡಿಗೆ ನೋವಾಗುತ್ತೆ ಅಂತ ನೀನು ಜೀವ ತಿಂದೆ. ಅದಕ್ಕೆ ನಾನು ದೀಪದ ಅರ್ತ್ ವೈರನ್ನ ಮೀಟರಿನ ಅರ್ತ್ ಜೊತೇಗೇ ಕಟ್ಟಿಬಿಟ್ಟೆ."

ಅತೀಕ್ ನನಗೆ ಬಿಡಿಸಿ ಹೇಳಿದ. ಬ್ಯಾಟರಿಯಿಂದ ಬಂದ ಕರೆಂಟು ಕೆಲಸ ಮುಗಿಸಿ ಕಾರಿನ ಬಾಡಿಯ ಮೂಲಕ ವಾಪಸ್ ಹೋಗಬೇಕಂತೆ. ಆ ವಾಪಸ್ ದಾರಿಯೇ ಅರ್ತ್. ಮೀಟರಿಗೂ ದೀಪಕ್ಕೂ ಸೇರಿ ಒಂದೇ ದಾರಿ, ಒಂದೇ ಸ್ಕ್ರೂ. ಅವನು ಬೋರ್ಡಿನ ಹಿಂದೆ ಕೈ ಹಾಕಿ ಆ ಸ್ಕ್ರೂ ಬಿಚ್ಚಿ ತೆಗೆದ. ತುಕ್ಕು ಹಿಡಿದು, ಮೇಲೆ ಹಸಿರು ಕಟ್ಟಿ, ಅಂಚೆಲ್ಲ ಬೆಲ್ಲದ ಚೂರಿನಂತೆ ಉದುರುತ್ತಿತ್ತು. ಮೀಟರ್ ಒಂದಕ್ಕೇ ಆದರೆ ಆ ಹಾಳು ದಾರಿ ಹೇಗೋ ಸಾಕಾಗುತ್ತಿತ್ತು. ದೀಪದ ಕರೆಂಟೂ ಅಲ್ಲೇ ನುಗ್ಗಿದರೆ ಜಾಗ ಸಾಲದೆ, ಮೀಟರುಗಳಿಗೆ ಕರೆಂಟು ಅಳೆದು ಬಿಡುವ ಪುಟ್ಟ ಡಬ್ಬಿ ಲೆಕ್ಕ ತಪ್ಪಿ ಹೆಚ್ಚು ಬಿಟ್ಟುಬಿಡುತ್ತಿತ್ತು. ಎರಡೂ ಮುಳ್ಳು ಒಟ್ಟಿಗೆ ಏರುತ್ತಿದ್ದದ್ದು ಅದಕ್ಕೇ.

"ಪೆಟ್ರೋಲ್ ಮುಳ್ಳೂ ಬಿಸಿ ಮುಳ್ಳೂ ಎರಡೂ ಏರುತ್ತೆ ಅಂತ ರಾಮಣ್ಣ ಮಾಮ ಮೊದಲೇ ಹೇಳಿದ್ರು," ಎಂದ ಅತೀಕ್ ಮೆಲ್ಲಗೆ. "ನಾವೇ ಕಿವಿಗೆ ಹಾಕ್ಕೊಳ್ಳಿಲ್ಲ."

"ತಪ್ಪು ನನ್ದು ರಾಮಣ್ಣ," ಎಂದರು ರಹಮತ್ತುಲ್ಲಾ ಮಾಮ.

"ನಿನ್ದು ಹೆಂಗಾಗುತ್ತೆ? ಪ್ರತಿ ಶನಿವಾರ ಅದರ ಮೇಲೆ ತೀರ್ಥ ಹಾಕಿ ತುಕ್ಕು ಹಿಡಿಸಿದೋನು ನಾನು."

"ವೈರು ಅಲ್ಲಿಗೆ ಕಟ್ಟಿದೋನು ನಾನಲ್ವಾ?"

"ತೂತು ಬೇಡ ಅಂದೋನು ನಾನು."

ಇಬ್ಬರು ಮುದುಕರು ತಪ್ಪು ತನ್ನದು ತನ್ನದು ಎಂದು ಎಳೆದಾಡುತ್ತಾ ನಿಂತರು. ಎಷ್ಟೋ ದಿನಗಳ ಮೇಲೆ ಅಪ್ಪ ಒಬ್ಬರ ಜೊತೆ ವಾದ ಮಾಡುತ್ತಿದ್ದ. ನನಗೆ ಅದನ್ನು ಕೇಳುತ್ತಾ ಕೂತಿರಬೇಕು ಅನ್ನಿಸಿತು. ಕೊನೆಗೆ ಅಪ್ಪನೇ ತೀರ್ಮಾನ ಹೇಳಿದ. "ಈ ಸಲ ತೂತು ಹಾಕಪ್ಪ ಅತೀಕ್. ಸ್ವಾಮಿಗೆ ಬೇರೆ ದಾರಿ, ಮೀಟರಿಗೆ ಬೇರೆ ದಾರಿ ಮಾಡು."

ನಾನು ಅಮರನಿಗೆ ಫೋನ್ ಮಾಡಿ, ಅಂಗಡಿ ಮುಚ್ಚಿ ಬಾ ಎಂದಷ್ಟೇ ಹೇಳಿದೆ. ಅವನು ಏನಾಯಿತೋ ಎಂದು ಬೈಕಿನಲ್ಲಿ ಹಾರಿಕೊಂಡು ಬಂದ. ಹೊಸ ತೂತು ಹಾಕುವ ಮುಂಚೆ ಅವನಿಗೆ ತೋರಿಸಲೇಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಅತೀಕ್ ಹಳೇ ಸ್ಕ್ರೂವನ್ನು ಹಾಗೇ ಮತ್ತೆ ಸಿಕ್ಕಿಸಿದ. ಅಮರ ಡ್ರೈವರ್ ಸೀಟಿನಲ್ಲಿ ಕೂತು ತಾನೇ ದೀಪ ಹಾಕಿದ, ಆರಿಸಿದ, ಮತ್ತೆ ಹಾಕಿದ. ಎಷ್ಟು ಸಲ ನೋಡಿದನೋ. ಆಮೇಲೆ ಇಳಿದು, ಹುಣಸೆ ಮರದ ಆ ಕಡೆಗೆ ಹೋಗಿ, ಮಾಲೂರಿನವರಿಗೆ ಫೋನ್ ಮಾಡಿ ಭಾನುವಾರ ಬರುವುದು ಬೇಡ ಎಂದ. ಫೋನ್ ಇಟ್ಟ ಮೇಲೂ ಅಲ್ಲೇ ಬೆನ್ನು ಮಾಡಿ ನಿಂತಿದ್ದ. ನಾನು ಹೇಳಲಿಲ್ಲವಾ ಎಂದು ಅಪ್ಪ ಚುಚ್ಚಲಿಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಅತೀಕ್ ಸ್ಕ್ರೂ ಇದ್ದ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಸ್ಕ್ರೂ ಬಿಗಿದ. ದೀಪಕ್ಕೆ ಬೇರೆ ತೂತು ಕೊರೆದು ಬೇರೆ ವೈರು ಕೊಟ್ಟ. ಡ್ರಿಲ್ ಓಡುವಾಗ ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಮುಗಿದ ಮೇಲೆ ಕೈಕಾಲು ತೊಳೆದು ಬಂದು, ಸ್ವಾಮಿಯ ದೀಪ ಹಾಕಿ, ಕೀ ತಿರುಗಿಸಿದ. ನಾವೆಲ್ಲ ಬಗ್ಗಿ ನೋಡಿದೆವು. ದೀಪ ಉರಿಯುತ್ತಿತ್ತು, ಮುಳ್ಳು ತಳ ಬಿಟ್ಟು ಏಳಲಿಲ್ಲ. ಖಾಲಿ ಟ್ಯಾಂಕ್ ನೋಡಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

"ಒಂದು ರೌಂಡ್ ಹೋಗ್ಬರೋಣ್ವಾ ಅಪ್ಪ?" ಎಂದ ಅಮರ. "ನೀನೇ ಓಡಿಸು."

ಅಮರ ಮುಂದೆ ಕೂತ, ನಾನೂ ಅತೀಕನೂ ಹಿಂದೆ. ಮಾಮನಿಗೆ ಮಂಡಿ ಬಗ್ಗುವುದಿಲ್ಲವೆಂದು ಅವರು ಕುರ್ಚಿಯಿಂದಲೇ ಕೈ ಬೀಸಿದರು. ಅಪ್ಪ ಆವನಿಯ ರಸ್ತೆ ಹಿಡಿದ. ಬೆನ್ನು ನೆಟ್ಟಗಾಗಿತ್ತು. ಎದುರು ಬಂದ ಬಸ್ಸಿನ ಡ್ರೈವರ್ ಯಾರ ಮಗ, ಆ ತೋಟದ ಬೋರ್‌ವೆಲ್ಲಿನಲ್ಲಿ ಎಷ್ಟು ಆಳಕ್ಕೆ ನೀರು ಬಂತು ಎಂದೆಲ್ಲ ಹೇಳುತ್ತಾ ಹೋದ. ಮಧ್ಯೆ ಮಧ್ಯೆ ಒಬ್ಬರಲ್ಲ ಒಬ್ಬರು "ಮುಳ್ಳು ಎಲ್ಲಿದೆ?" ಎಂದು ಕೇಳುವುದು, ಮತ್ತೊಬ್ಬರು "ತಳದಲ್ಲೇ ಇದೆ" ಎನ್ನುವುದು, ಎಲ್ಲರೂ ನಗುವುದು. ಅಮರನಂತೂ ಗಂಟೆಗಟ್ಟಲೆ ಕಾದು, ಆಗತಾನೆ ಹುಟ್ಟಿದ ಮಗುವಿನ ಮುಖ ನೋಡುವವನಂತೆ ಅದನ್ನೇ ನೋಡುತ್ತಿದ್ದ.

ಆವನಿಯ ಬೆಟ್ಟ ಇನ್ನೂ ದೂರದಲ್ಲಿ ಕಾಣುತ್ತಿದ್ದಾಗ ಕಾರು ಎರಡು ಸಲ ಮುಗ್ಗರಿಸಿತು. ಅಪ್ಪ ಅದನ್ನು ರಸ್ತೆಯ ಪಕ್ಕಕ್ಕೆ ಹೊರಳಿಸಿದ. ಇಂಜಿನ್ ನಿಂತಿತು.

ಅತೀಕ್ ಪರೀಕ್ಷೆಗೆಂದು ಹಾಕಿದ್ದು ಎರಡೇ ಲೀಟರ್. ಬೆಳಗ್ಗಿನಿಂದ ಇಂಜಿನ್ ಓಡಿಸಿ ಓಡಿಸಿ ನೋಡಿದ್ದೆವು. ನಾಲ್ಕು ಜನ ಕಾರಿನಲ್ಲಿದ್ದೆವು, ನಾಲ್ಕು ಜನರೂ ಖಾಲಿ ತೋರಿಸುವ ಮುಳ್ಳನ್ನು ಕಣ್ತುಂಬ ನೋಡಿದ್ದೆವು, ಒಬ್ಬರಿಗೂ ಪೆಟ್ರೋಲ್ ಹಾಕಿಸಬೇಕೆಂದು ಹೊಳೆದಿರಲಿಲ್ಲ.

ಅಪ್ಪನ ಬೆನ್ನು ಮತ್ತೆ ಬಾಗಿತು. ಅವನು ಕೀ ಹೊರಗೆಳೆದು, ಯಾರೂ ಕೇಳದಿದ್ದರೂ, ಅಮರನ ಕಡೆ ಚಾಚಿದ. "ತಗೋಪ್ಪ," ಎಂದ.

ಅಮರ ಚಾಚಿದ ಕೈಯನ್ನು ನೋಡಿದ, ಮೀಟರನ್ನು ನೋಡಿದ.

"ಮುಳ್ಳು ಎಲ್ಲಿದೆ ಅಪ್ಪ?" ಎಂದು ಕೇಳಿದ.

"ತಳದಲ್ಲೇ ಇದೆ."

"ಸರಿಯಾಗೇ ತೋರಿಸ್ತಿದೆ ಅಲ್ವಾ? ನಾನು ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಅದನ್ನೇ ನೋಡ್ಕೊಂಡ್ ಬಂದೆ. ಮರೆತೋನು ನೀನೊಬ್ನೇನಾ?" ಅಪ್ಪನ ಬೆರಳುಗಳನ್ನು ಕೀಯ ಮೇಲೆ ಮಡಿಸಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡ. "ಇದು ನಿನ್ ಹತ್ರಾನೇ ಇರ್ಲಿ. ನಾನ್ ಹೋಗಿ ಪೆಟ್ರೋಲ್ ತರ್ತೀನಿ."

ನಾನು ಕಿಟಕಿಯ ಆಚೆ ನೋಡಿದೆ. ಅತೀಕ್ ತನ್ನ ಉಗುರಿನ ಗ್ರೀಸನ್ನು ಬಹಳ ಗಮನ ಕೊಟ್ಟು ಕೆರೆಯುತ್ತಿದ್ದ.

ಅಮರ ಇಳಿದು ಡಿಕ್ಕಿ ತೆರೆದು, ಒಳಗಿದ್ದ ಹಳದಿ ಕ್ಯಾನ್ ತೆಗೆದುಕೊಂಡು ಮುಳಬಾಗಿಲಿನ ಕಡೆಗೆ ಹೊರಟ. ಹತ್ತು ಹೆಜ್ಜೆ ಹೋಗಿರಬೇಕು, ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಲೇ ಅಮರ, ಆ ಕಡೆ ಎಲ್ಲಿ ಹೋಗ್ತೀಯೋ? ಬಂಕ್ ದೂರ ಆಗುತ್ತೆ. ಮುಂದಕ್ಕೆ ಹೋಗು. ಆ ಮಾವಿನ ತೋಪು ದಾಟಿದ್ರೆ ಎಡಕ್ಕೆ ಕದಿರೇಶನ ಗೂಡಂಗಡಿ, ಪೆಟ್ರೋಲ್ ಇಟ್ಟಿರ್ತಾನೆ. ಈ ಹೊತ್ತಲ್ಲಿ ಊಟಕ್ಕೆ ಒಳಗೆ ಹೋಗಿರ್ತಾನೆ, ಹಿಂದಿನ ಬಾಗಿಲಲ್ಲಿ ಕೂಗು."

ಅಮರ ತಿರುಗಿ ಈ ಕಡೆ ಬಂದು, ಕಾರನ್ನು ದಾಟಿ ಮುಂದೆ ನಡೆದ. ಅಪ್ಪ ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬನ್ನೊಮ್ಮೆ ತಟ್ಟಿ ನೋಡಿ, ಮತ್ತೆ ಕೂಗಿದ.

"ಆ ಕ್ಯಾನೂ ಅವನದೇ ಕಣೋ. ಹೋದ ಸಲ ಕೊಟ್ಟಿದ್ದು. ನೀವೆಲ್ಲ ಮರೆತಿದ್ದೀರ, ನಾನು ಮರೆತಿಲ್ಲ. ಪೆಟ್ರೋಲ್ ಹಾಕಿದ್ಮೇಲೆ ಹಿಂದಕ್ಕೆ ಕೊಟ್ಟು ಬರೋಣ."